ಅಪ್ಪನ ಹೆಸರಿಗೆ ರಸ್ತೆ, ಮಗನಿಗೆ ಕೋರ್ಟಿನ ದಂಡ: ಕಾಲಕ್ಕಿಂತ ಮುಂದೆ ನಡೆದ ಮುಂಬೈನ ಗಣಿತ ಮೇಷ್ಟ್ರು ರಘುನಾಥ ಕರ್ವೆ

ಮುಂಬೈನ ಚರ್ಚ್‌ಗೇಟ್, ಮರೀನ್ ಲೈನ್ಸ್ ಕಡೆ ಓಡಾಡುವವರಿಗೆ ಮಹರ್ಷಿ ಕರ್ವೆ ರಸ್ತೆ ಗೊತ್ತು. ಪುಣೆಯ ಕನ್ನಡಿಗರಿಗಂತೂ ಕರ್ವೆ ರೋಡ್, ಕರ್ವೆ ನಗರ ದಿನಬೆಳಗಾದರೆ ಬಾಯಲ್ಲಿ ಬರುವ ಹೆಸರುಗಳು. ವಿಧವೆಯರಿಗೆ ಆಶ್ರಮ, ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಕಟ್ಟಿದ ಧೋಂಡೋ ಕೇಶವ ಕರ್ವೆ ಅವರ ಹೆಸರದು. ಅವರ ಹಿರಿಯ ಮಗ ರಘುನಾಥ ಧೋಂಡೋ ಕರ್ವೆ ಅವರನ್ನು ಮರಾಠಿ ಓದುಗರು ಬಲ್ಲರು, ಉಳಿದವರಲ್ಲಿ ಬಲ್ಲವರು ಕಡಿಮೆ. ತಂದೆಯನ್ನು ಬೈದ ಸಮಾಜ ಬದುಕಿರುವಾಗಲೇ ಅವರನ್ನು ತಲೆ ಮೇಲೆ ಹೊತ್ತಿತು. ಮಗನಿಗೆ ಆ ಭಾಗ್ಯ ಇರಲಿಲ್ಲ.

ರಘುನಾಥ ಹುಟ್ಟಿದ್ದು 1882ರ ಜನವರಿ 14ರಂದು. ಊರು ಕೊಂಕಣ ಕರಾವಳಿಯ ಮುರುಡ್. 1891ರಲ್ಲಿ ತಾಯಿ ರಾಧಾಬಾಯಿ ಹೆರಿಗೆಯ ವೇಳೆ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಹೆರಿಗೆಯಲ್ಲಿ ಹೆಂಗಸರು ಸಾಯುವುದು ಆಗ ದೇವರ ಇಚ್ಛೆ ಎಂದು ಒಪ್ಪಿಕೊಂಡುಬಿಟ್ಟಿದ್ದ ಸಂಗತಿ. ಈ ಹುಡುಗ ಮುಂದೆ ಜೀವನವಿಡೀ ಯಾವ ವಿಷಯಕ್ಕೆ ಅಂಟಿಕೊಂಡ ಎಂಬುದನ್ನು ನೋಡಿದರೆ, ಈ ಸಾವನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಎರಡು ವರ್ಷದ ನಂತರ, 1893ರಲ್ಲಿ, ಧೋಂಡೋ ಕರ್ವೆ ಮರುಮದುವೆಯಾದರು. ವಧು ಗೋದೂಬಾಯಿ, ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಪಂಡಿತಾ ರಮಾಬಾಯಿ ಅವರ ಶಾರದಾ ಸದನದಲ್ಲಿ ಓದಿದವರು. ಚಿತ್ಪಾವನ ಬ್ರಾಹ್ಮಣರ ಮನೆಯಲ್ಲಿ ವಿಧವಾ ವಿವಾಹ! ಮುರುಡ್ ಊರಿನವರು ಸಭೆ ಸೇರಿ ಬಹಿಷ್ಕಾರ ಹಾಕಿದರು. ಕರ್ವೆ ಊರಿಗೆ ಬಂದರೆ ಅವರನ್ನು ಮನೆಗೆ ಸೇರಿಸಿಕೊಂಡ ಬಂಧುಗಳಿಗೂ ಅದೇ ಶಿಕ್ಷೆ ಎಂದಾಯಿತು. ಊರೆಲ್ಲ ಒಂದಾಗಿ ತಪ್ಪು ಅಂದದ್ದು ಮನೆಯಲ್ಲಿ ಸರಿಯಾಗಿಯೇ ಕಾಣುತ್ತದೆ ಎಂಬ ಪಾಠ ಹನ್ನೊಂದು ವರ್ಷದ ಹುಡುಗನಿಗೆ ಯಾವ ಪುಸ್ತಕವೂ ಇಲ್ಲದೆ ಸಿಕ್ಕಿತು. ಬೇರೆ ಮಕ್ಕಳು ನೆಂಟರಿಷ್ಟರ ಮೆಚ್ಚುಗೆಯ ನಡುವೆ ಬೆಳೆಯುವಾಗ, ಈತ ಜನರ ಮೆಚ್ಚುಗೆ ಇಲ್ಲದೆಯೂ ಬದುಕು ನಡೆಯುತ್ತದೆ ಎಂಬುದನ್ನು ನೋಡುತ್ತಾ ಬೆಳೆದ.

ಓದಿನಲ್ಲಿ ಚುರುಕು. 1899ರ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, 1904ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಪದವಿ. ತಂದೆಯಂತೆ ಮಗನೂ ಗಣಿತವನ್ನೇ ಹಿಡಿದರು. 1919ರಲ್ಲಿ ಉನ್ನತ ವ್ಯಾಸಂಗಕ್ಕೆ ಪ್ಯಾರಿಸ್‌ಗೂ ಹೋಗಿ ಬಂದರು. ಮುಂಬೈನಲ್ಲಿ ಪ್ರಾಧ್ಯಾಪಕರಾಗಿ ತಣ್ಣಗೆ ಪಾಠ ಹೇಳಿಕೊಂಡು ಇರಬಹುದಿತ್ತು.

ಆದರೆ ತಲೆಯಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. ವರ್ಷಕ್ಕೊಂದು ಹೆರಿಗೆಯಾಗಿ ಸೋತು ಸಾಯುವ ಹೆಂಗಸರು, ಸಾಕಲಾಗದಷ್ಟು ಮಕ್ಕಳು, ಯಾರೂ ಬಾಯಿಬಿಟ್ಟು ಹೇಳದ ಗುಪ್ತರೋಗಗಳು. ಇವಕ್ಕೆಲ್ಲ ಮೂಲ ಅಜ್ಞಾನ, ಅಜ್ಞಾನಕ್ಕೆ ಮೂಲ ನಾಚಿಕೆ ಎಂದು ಅವರು ಕಂಡುಕೊಂಡರು. 1921ರಲ್ಲಿ ಮುಂಬೈನಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದರು. ಲಂಡನ್‌ನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಹೆಸರಾಂತ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ಅಲ್ಲಿ ಅದು ಚಳವಳಿಯಾಗಿ ಬೆಳೆಯಿತು. ಇಲ್ಲಿ ಗಂಡ ಹೆಂಡತಿ ಇಬ್ಬರೇ. 1923ರಲ್ಲಿ ಅದೇ ವಿಷಯದ ಮೇಲೆ ಮರಾಠಿಯಲ್ಲಿ ಪುಸ್ತಕವನ್ನೂ ಬರೆದರು.

ಆಗ ಅವರು ಪಾಠ ಮಾಡುತ್ತಿದ್ದದ್ದು ಚೌಪಾಟಿ ಎದುರಿನ ವಿಲ್ಸನ್ ಕಾಲೇಜಿನಲ್ಲಿ. ಸ್ಕಾಟಿಷ್ ಮಿಷನರಿಗಳ ಸಂಸ್ಥೆ. ಈ ಪ್ರಚಾರ ಆಡಳಿತಕ್ಕೆ ಸರಿಬರಲಿಲ್ಲ. ಕೆಲಸ ಮತ್ತು ಪ್ರಚಾರ ಎರಡರಲ್ಲಿ ಒಂದು ಎಂಬ ಪರಿಸ್ಥಿತಿ ಬಂದಾಗ ಕರ್ವೆ ಕೆಲಸ ಬಿಟ್ಟರು. ಮನೆ ನಡೆಸುವ ಭಾರ ಬಹುಮಟ್ಟಿಗೆ ಶಿಕ್ಷಕಿಯಾಗಿದ್ದ ಪತ್ನಿ ಮಾಲತಿ ಅವರ ಮೇಲೆ ಬಿತ್ತು. ಈ ಕೆಲಸಕ್ಕಾಗಿ ಮಕ್ಕಳು ಬೇಡ ಎಂದು ಇಬ್ಬರೂ ಮೊದಲೇ ತೀರ್ಮಾನಿಸಿದ್ದರು. ಕರ್ವೆ ಕಥೆ ಹೇಳುವವರು ಅವರ ಧೈರ್ಯವನ್ನು ಕೊಂಡಾಡುತ್ತಾರೆ. ತಿಂಗಳ ಸಂಬಳ ತಂದುಕೊಟ್ಟ ಮಾಲತಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

1927ರ ಜುಲೈನಲ್ಲಿ ಕರ್ವೆ 'ಸಮಾಜಸ್ವಾಸ್ಥ್ಯ' ಎಂಬ ಮಾಸಪತ್ರಿಕೆ ಶುರು ಮಾಡಿದರು. ಮುಖಪುಟದಲ್ಲಿ ನಗ್ನ ಸ್ತ್ರೀಯ ಚಿತ್ರ. ಒಳಗೆ ಲೈಂಗಿಕ ಆರೋಗ್ಯ, ಗರ್ಭನಿರೋಧ, ಹೆಣ್ಣಿನ ದೇಹದ ಮೇಲೆ ಹೆಣ್ಣಿಗಿರುವ ಹಕ್ಕು, ಧರ್ಮಗ್ರಂಥಗಳ ಟೀಕೆ. ಓದುಗರು ನಾಚಿಕೆ ಬಿಟ್ಟು ಕೇಳಿದ ಪ್ರಶ್ನೆಗಳಿಗೆ ಅಷ್ಟೇ ನೇರ ಉತ್ತರ. ಗಣಿತದ ಮೇಷ್ಟ್ರ ಬರವಣಿಗೆ ಅದು. ಸುತ್ತು ಬಳಸು ಇಲ್ಲ, ಎದುರಿಗಿದ್ದವರ ಮನಸ್ಸು ನೋಯುತ್ತದೆ ಎಂಬ ಚಿಂತೆಯೂ ಇಲ್ಲ. ಸ್ವಲ್ಪ ಮೆತ್ತಗೆ ಬರೆದಿದ್ದರೆ ಸುಧಾರಕರಲ್ಲೇ ಒಂದಷ್ಟು ಜನ ಜೊತೆಗೆ ನಿಲ್ಲುತ್ತಿದ್ದರೋ ಏನೋ. ಕರ್ವೆ ಅದನ್ನು ಕಲಿಯಲೇ ಇಲ್ಲ. ಸಂಯಮವೊಂದೇ ದಾರಿ, ಕೃತಕ ಸಾಧನಗಳು ಬೇಡ ಎನ್ನುತ್ತಿದ್ದ ಗಾಂಧೀಜಿ ಅವರನ್ನೂ ಟೀಕಿಸದೆ ಬಿಡಲಿಲ್ಲ. ಲೇಖನಗಳ ಮೂಲಕ ಪತ್ರಿಕೆಗೆ ಬೆಂಬಲವಾಗಿ ನಿಂತ ಕೆಲವರಲ್ಲಿ ಶಕುಂತಲಾ ಪರಾಂಜಪೆ ಒಬ್ಬರು. ಚಿತ್ರ ನಿರ್ದೇಶಕಿ ಸಾಯಿ ಪರಾಂಜಪೆ ಅವರ ತಾಯಿ.

1931ರಲ್ಲಿ ವ್ಯಭಿಚಾರದ ಪ್ರಶ್ನೆ ಕುರಿತ ಲೇಖನಕ್ಕಾಗಿ ಪುಣೆಯ ಸಂಪ್ರದಾಯವಾದಿಗಳು ಮೊಕದ್ದಮೆ ಹೂಡಿದರು. ಕರ್ವೆ ಸೋತರು, 100 ರೂಪಾಯಿ ದಂಡ ತೆತ್ತರು. 1934ರಲ್ಲಿ ಮತ್ತೆ ಅಶ್ಲೀಲತೆಯ ಆರೋಪ. ಈ ಬಾರಿ ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಅಪರಾಧ. ಅವರ ಪರ ವಾದಿಸಲು ಬಂದವರು ಡಾ. ಬಿ.ಆರ್. ಅಂಬೇಡ್ಕರ್. ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ ಮುಗಿಸಿ ಆಗಲೇ ದೇಶದ ನಾಯಕರಾಗಿದ್ದ ಅವರಿಗೆ ಇಂಥ ಕೇಸಿನಿಂದ ಕೆಟ್ಟ ಹೆಸರು ಬರುವುದಷ್ಟೇ ಲಾಭ. ಆದರೂ ಬಂದರು. ಲೈಂಗಿಕ ವಿಷಯದ ಮೇಲೆ ಬರೆದದ್ದೆಲ್ಲ ಅಶ್ಲೀಲ ಆಗುವುದಿಲ್ಲ, ಜನರ ಪ್ರಶ್ನೆಯಲ್ಲಿ ವಿಕೃತಿ ಇದ್ದರೂ ಅದು ಹೋಗುವುದು ಜ್ಞಾನದಿಂದಲೇ, ಹಾಗಿರುವಾಗ ಕರ್ವೆ ಉತ್ತರ ಕೊಡದೆ ಇರುವುದು ಹೇಗೆ ಎಂಬುದು ಅವರ ವಾದದ ತಿರುಳು. ಕೋರ್ಟ್ ಒಪ್ಪಲಿಲ್ಲ. ದಂಡ ಈ ಸಲ 200 ರೂಪಾಯಿ. ಅಂಬೇಡ್ಕರ್ ಮಾತ್ರ ಆ ವಿಷಯ ಕೈಬಿಡಲಿಲ್ಲ. 1938ರಲ್ಲಿ ಮುಂಬೈ ವಿಧಾನಸಭೆಯಲ್ಲಿ ಅವರ ಪಕ್ಷ ಸಂತಾನ ನಿಯಂತ್ರಣದ ಪರ ನಿರ್ಣಯ ತಂದು ಸೋತಿತು.

ಇದೇ ಕಾಲಕ್ಕೆ ನಮ್ಮ ಕಡೆ ನಡೆದದ್ದನ್ನು ಇಲ್ಲಿ ನೆನೆಯಬೇಕು. ಮುಂಬೈನಲ್ಲಿ ಕರ್ವೆ ಅವರನ್ನು ಕೋರ್ಟಿಗೆ ಎಳೆಯುವ ಹೊತ್ತಿಗೆ ಮೈಸೂರು ಸಂಸ್ಥಾನ ಅದೇ ಕೆಲಸಕ್ಕೆ ಸರ್ಕಾರಿ ಆದೇಶ ಹೊರಡಿಸಿತ್ತು. 1930ರಲ್ಲಿ ಬೆಂಗಳೂರು, ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಒಪ್ಪಿಗೆ ಸಿಕ್ಕಿತು. ಒಬ್ಬ ವ್ಯಕ್ತಿ ಹೇಳಿದರೆ ಅಸಭ್ಯ, ದಿವಾನರ ಸರ್ಕಾರ ಹೇಳಿದರೆ ಆರೋಗ್ಯ ಸೇವೆ.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಾಗ ಕರ್ವೆ ಅವರಿಗೆ 70 ವರ್ಷ. ನಷ್ಟದಲ್ಲೇ ನಡೆಯುತ್ತಿದ್ದ ಪತ್ರಿಕೆಯನ್ನು ಅವರು ಆಗಲೂ ತಪ್ಪದೆ ತರುತ್ತಿದ್ದರು. 1953ರ ಅಕ್ಟೋಬರ್ 14ರಂದು ತೀರಿಕೊಂಡರು. 26 ವರ್ಷ ನಡೆದ 'ಸಮಾಜಸ್ವಾಸ್ಥ್ಯ'ದ ಕೊನೆಯ ಸಂಚಿಕೆ ನವೆಂಬರ್‌ನಲ್ಲಿ ಬಂತು. ಬಹುಕಾಲ ಮರೆವಿನಲ್ಲಿದ್ದ ಈ ಬದುಕನ್ನು ಅಮೋಲ್ ಪಾಲೇಕರ್ 2001ರಲ್ಲಿ 'ಧ್ಯಾಸಪರ್ವ' ಎಂಬ ಮರಾಠಿ ಸಿನಿಮಾ ಮಾಡಿದರು.

ಮಗ ಹೋದಾಗ ತಂದೆಗೆ 95 ವರ್ಷ. ಐದು ವರ್ಷದ ನಂತರ, ನೂರು ತುಂಬಿದಾಗ, ಅವರಿಗೆ ಭಾರತರತ್ನ ಬಂತು. ಒಂದು ಕಾಲಕ್ಕೆ ಬಹಿಷ್ಕಾರ ಹಾಕಿದ್ದ ಮುರುಡ್ ಅಷ್ಟರಲ್ಲಿ ಅವರನ್ನು ತನ್ನವರೆಂದು ಹೇಳಿಕೊಳ್ಳುವ ಊರಾಗಿತ್ತು.