ಬ್ರಹ್ಮಗುಪ್ತ

ಜಿಷ್ಣುವಿನ ಮಗನಾದ ಬ್ರಹ್ಮಗುಪ್ತನು ಜನಿಸಿದ್ದು ಕ್ರಿ.ಶ. 598ರಲ್ಲಿ. ಇಂದಿನ ರಾಜಸ್ಥಾನದ ಭಿನ್ಮಾಲ್ ಆಗ ಭಿಲ್ಲಮಾಲ. ಆ ಊರಿನ ಆಚಾರ್ಯನೆಂದೇ ಈತ ಹೆಸರಾದನು. 628ರಲ್ಲಿ, ಮೂವತ್ತನೆಯ ವಯಸ್ಸಿಗೇ, ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದನು. ಅದರಲ್ಲಿ ಆರ್ಯಭಟನನ್ನು ಕಟುವಾಗಿ ಖಂಡಿಸಿದವನು 665ರ ‘ಖಂಡಖಾದ್ಯಕ’ದಲ್ಲಿ ಬಹುಮಟ್ಟಿಗೆ ಅವನ ಮತವನ್ನೇ ಅನುಸರಿಸಿದನು!

ಸೊನ್ನೆಗಿಂತ ಕಡಮೆಯಾದ ಸಂಖ್ಯೆಯನ್ನು ಆತನು ಋಣವೆಂದು ಕರೆದನು, ಎಂದರೆ ಸಾಲ. ಬೇಸಾಯಗಾರರ ಮಕ್ಕಳಾದ ನಮ್ಮಂಥವರಿಗೆ ಆ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಗುಣಾಕಾರ ಭಾಗಾಕಾರಗಳಿಗೆ ಆತನು ನಿಯಮ ಕಟ್ಟಿದನು. ಒಂದು ಸಂಖ್ಯೆಯ ವರ್ಗಕ್ಕೆ 5 ಕೂಡಿಸಿ, ಬಂದುದನ್ನು ಆ ಸಂಖ್ಯೆಗಿಂತ 1 ಹೆಚ್ಚಾದುದರಿಂದ ಭಾಗಿಸಬೇಕೆನ್ನೋಣ. ಸಂಖ್ಯೆಯು ಋಣ 3 ಆಗಿರಲಿ. ಋಣವನ್ನು ಋಣದಿಂದ ಗುಣಿಸಿದರೆ ಧನ. ಆದುದರಿಂದ ವರ್ಗ 9, ಅಂಶ 14. ಛೇದ ಋಣ 2. ಧನವನ್ನು ಋಣದಿಂದ ಭಾಗಿಸಿದರೆ ಋಣ. ಉತ್ತರ ಋಣ 7. ಈಗಲೂ ನಾವು ಮಾಡುವುದು ಇಷ್ಟನ್ನೇ.

ಸಂಖ್ಯೆ ಋಣ 1 ಆದರೋ, ಅಂಶ 6, ಛೇದ ಸೊನ್ನೆ! ಇಂಥದನ್ನು ಆತನು ಸೊನ್ನೆಯೇ ಛೇದವಾದ ಭಿನ್ನವೆಂದು ಹೇಳಿ ಹಾಗೆಯೇ ಬಿಟ್ಟನು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದದ್ದು ಮಾತ್ರ ತಪ್ಪು. ಸುಮಾರು 850ರಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಬರೆದನು. ಬ್ರಹ್ಮಗುಪ್ತನು ಬಿಟ್ಟುಬಿಟ್ಟದ್ದೇ ಇದಕ್ಕಿಂತ ಮೇಲೆಂದು ನನಗೆ ತೋರುತ್ತದೆ.