ಐದು ಬಾರಿ ಗಡೀಪಾರಾದ ಬಿಷಪ್ ಅಥನೇಸಿಯಸ್

ಕ್ರೈಸ್ತ ಧರ್ಮದೊಳಗೇ ಹುಟ್ಟಿದ ಸೂಕ್ಷ್ಮವಾದ ತಪ್ಪು ಬೋಧನೆಯನ್ನು ಎದುರಿಸುವುದರಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಅಥನೇಸಿಯಸ್ ಆಯುಷ್ಯ ಸವೆಸಿದರು. ಅದೇ ನಗರದ ಪಾದ್ರಿ ಆರಿಯಸ್, ಕ್ರಿಸ್ತನನ್ನು ಕೊಂಡಾಡುತ್ತಲೇ, ಆತ ದೇವರ ಮೊದಲ ಸೃಷ್ಟಿ ಎಂದು ಬೋಧಿಸಿದ್ದ. ಬೈಬಲಿನ ಪದಗಳನ್ನೇ ಬಳಸುತ್ತಿದ್ದುದರಿಂದ ಜನರಿಗೆ ತಪ್ಪು ಕಾಣುವುದು ಕಷ್ಟವಾಗಿತ್ತು. ಹಾಗಾಗಿಯೇ ಕ್ರಿ.ಶ. 325ರ ನೈಸಿಯಾ ಮಹಾಸಭೆಯು ಬೈಬಲಿನಲ್ಲಿಲ್ಲದ ಗ್ರೀಕ್ ಪದವೊಂದನ್ನು ಆರಿಸಿ, ತಂದೆ ಹಾಗೂ ಪುತ್ರ ಏಕತತ್ತ್ವದವರೆಂದು ಸಾರಿತು. 328ರಲ್ಲಿ ಬಿಷಪರಾದ ಅಥನೇಸಿಯಸ್ ಈ ನಿರ್ಣಯವನ್ನು ಬಿಟ್ಟುಕೊಡಲಿಲ್ಲ. ನಾಲ್ವರು ಚಕ್ರವರ್ತಿಗಳ ಕಾಲದಲ್ಲಿ ಐದು ಬಾರಿ ಗಡೀಪಾರಾದರು; ಸುಮಾರು 17 ವರ್ಷ ಹೀಗೆಯೇ ಕಳೆಯಿತು. ಒಮ್ಮೆ ಮರುಭೂಮಿಯ ಸನ್ಯಾಸಿಗಳು ಅವರನ್ನು ಅಡಗಿಸಿಟ್ಟರು. ಆದರೂ ಅವರದು ಬರಿಯ ಹಠವಲ್ಲ. ಏಕತತ್ತ್ವದ ಬದಲು ಸದೃಶತತ್ತ್ವ ಎಂದವರನ್ನೂ, ಆಶಯ ಒಂದೇ ಆಗಿದ್ದರೆ, ಸೋದರರೆಂದು ಒಪ್ಪಿದರು. 373ರಲ್ಲಿ ಅಲೆಕ್ಸಾಂಡ್ರಿಯಾದಲ್ಲೇ ನಿಧನರಾದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ನೈಸಿಯಾದ ನಿರ್ಣಯವನ್ನು ಎತ್ತಿಹಿಡಿಯಿತು.