ಗೇಟಿಗೆ ಪೇಟೆಂಟ್ ಮಾಡಿಸಿದರು, ರಾಯಧನ ಮಾತ್ರ ಮುಟ್ಟಲಿಲ್ಲ

ದೇಶನೂರು (ಸಿರುಗುಪ್ಪ): ಡ್ಯಾಮಿನ ಒಂದು ಗೇಟಿನ ಬೆಲೆ ಏನು ಅಂತ ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಭತ್ತದ ರೈತರಿಂದ ಹಿಡಿದು ಗೊಬ್ಬರದ ಅಂಗಡಿಯವರ ತನಕ ಎಲ್ಲರಿಗೂ ಅದು ಗೊತ್ತಾಯ್ತು. ಇಂಥ ಗೇಟಿನಲ್ಲೇ ಹೊಸದೊಂದನ್ನು ಕಂಡುಹಿಡಿದು, ಅದನ್ನು ಯಾರ ಹೆಸರಲ್ಲಿ ಉಳಿಸಬೇಕು, ಅದರ ದುಡ್ಡು ಯಾರಿಗೆ ಸೇರಬೇಕು ಎಂದು ತೀರ್ಮಾನಿಸಿದವರು ಸರ್ ಎಂ. ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯಲ್ಲಿ 1860ರಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಗೆ ನೀರು ಕೊಡುತ್ತಿದ್ದ ಖಡಕ್ವಾಸ್ಲಾ ಜಲಾಶಯ ಮಳೆಗಾಲದಲ್ಲಿ ತುಂಬಿ ಕೋಡಿ ಹರಿಯುತ್ತಿತ್ತು, ಬೇಸಿಗೆಗೆ ಅದೇ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ಅವರು ರೂಪಿಸಿದರು. ನೀರು ಗುರುತು ಮೀರಿದರೆ ಗೇಟು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಎತ್ತಲು ಇಳಿಸಲು ಆಳು ಬೇಡ. 1903ರಲ್ಲಿ ಅಲ್ಲಿ ಈ ಗೇಟು ಬಂದವು.

ಇದಕ್ಕೆ ಅವರು ಪೇಟೆಂಟ್ ಮಾಡಿಸಿದರು. ಪೇಟೆಂಟ್ ಅಂದ್ರೆ ಹೊಲದ ಪಹಣಿ ಇದ್ದಂಗೆ, ಆದರೆ ಇಷ್ಟು ವರ್ಷ ಅಂತ ಅವಧಿ ಇರುತ್ತದೆ. ಕೆಲಸ ಮಾಡುವ ವಿಧಾನವನ್ನು ಪೂರ್ತಿ ಬರೆದುಕೊಡಬೇಕು, ಅದಕ್ಕೆ ಬದಲಾಗಿ ಆ ಅವಧಿಯಲ್ಲಿ ಅನುಮತಿ ಇಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ.

ರಾಯಧನದ ಮಾತು ಬಂದಾಗ ಮಾತ್ರ ಅವರು ಒಪ್ಪಲಿಲ್ಲ. ಸರ್ಕಾರದ ಸಂಬಳ ತಿನ್ನುವಾಗ ಮಾಡಿದ ಕೆಲಸಕ್ಕೆ ಮತ್ತೆ ದುಡ್ಡು ತಗೊಳ್ಳೋದು ಸರಿಯಲ್ಲ ಎಂಬುದು ಅವರ ನಿಲುವು. ಹೆಸರು ತಮ್ಮದು, ಲಾಭ ಜನರದ್ದು ಆಯಿತು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ ನಮ್ಮ ಕೆಆರ್‌ಎಸ್‌ಗೂ ಇಂಥ ಗೇಟು ಬಂದವು.

ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ತೀರಿಕೊಂಡರು.

ಈಗ ಭಾರತದಲ್ಲಿ ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಊರ ವರ್ಕ್‌ಶಾಪಿನಲ್ಲಿ ಹೊಸ ಯಂತ್ರ ಮಾಡಿದವರು ಅದನ್ನು ನಾಲ್ಕು ಜನಕ್ಕೆ ತೋರಿಸುವ ಮೊದಲೇ ಅರ್ಜಿ ಹಾಕಬೇಕು, ಬಹಿರಂಗವಾದ ಮೇಲೆ ಸಾಮಾನ್ಯವಾಗಿ ಹಕ್ಕು ಸಿಗಲ್ಲ. ಹಕ್ಕು ಕೈಗೆ ಬಂದ ಮೇಲೆ ಮಾರುವುದೋ, ಬಿಟ್ಟುಕೊಡುವುದೋ ಅವರವರಿಗೆ ಬಿಟ್ಟದ್ದು. ವಿಶ್ವೇಶ್ವರಯ್ಯ ಮೊದಲು ಹಕ್ಕು ಮಾಡಿಸಿಕೊಂಡರು, ಆಮೇಲೆ ದುಡ್ಡು ಬಿಟ್ಟರು.